ಎಂಟನೆಯ ಪೆಟ್ಟು

"ಕೈ ಹೊರಗೆ ತೆಗೀರಿ! ಎರಡೂ ಕೈ!"

ತನ್ನ ಧ್ವನಿ ಲಿಯೋನಾಳಿಗೇ ಬೇರೆ ಯಾರದೋ ಅನ್ನಿಸಿತು.

ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಆ ಎತ್ತರದ ಗಂಡಸಿನ ಬಲಗೈ ಜಾಕೆಟ್ಟಿನ ಒಳಗಿತ್ತು. ಅಲ್ಲಿ ಏನೋ ಉಬ್ಬಿಕೊಂಡಿತ್ತು. ಉದ್ದನೆಯದು... ಗಟ್ಟಿಯಾದದ್ದು...

ಅವಳ ಹಿಂದೆ ಅವಳ ಬ್ಯಾಂಡಿನ ಹದಿನಾಲ್ಕು ಮಕ್ಕಳು. ಪಿಟೀಲು, ಬ್ಯಾಂಜೋ ಹಿಡಿದವರು ಹಿಡಿದ ಹಾಗೇ ಕಲ್ಲಾಗಿದ್ದರು. ಲಿಯೋನಾ ಎರಡೂ ತೋಳು ಚಾಚಿ ಅವರಿಗೆ ಅಡ್ಡ ನಿಂತಳು. ಕೋಳಿ ಮರಿಗಳಿಗೆ ಅಡ್ಡ ನಿಲ್ಲುವ ಹಾಗೆ!

ಆತ ನಿಧಾನವಾಗಿ ಕೈ ಹೊರತೆಗೆದ. ಹಿತ್ತಾಳೆ ಮಿಂಚಿತು.

"ಸ್ಯಾಕ್ಸೋಫೋನು, ಮೇಡಮ್. ಇದರಿಂದ ಗುಂಡು ಹಾರಲ್ಲ. ನಾನು ಊದಿದರೆ ಯಾರಿಗಾದ್ರೂ ಕಿವಿನೋವು ಬರಬಹುದು, ಅಷ್ಟೆ."

ಮಕ್ಕಳು ಕಿಸಕ್ಕೆಂದರು. ಲಿಯೋನಾ ನಗಲಿಲ್ಲ.

"ಕಳ್ಳನ ಹಾಗೆ ಬಚ್ಚಿಟ್ಟುಕೊಂಡು ಬರೋದ್ಯಾಕೆ?"

"ಲೋಬೀಲಿಯಾ ರಸ್ತೆ ದಾಟಿ ಬಂದೆ. ಕೈಯಲ್ಲಿ ಹಿಡ್ಕೊಂಡು ಬಂದಿದ್ರೆ ನಾನೊಬ್ಬನೇ ಬರ್ತಿದ್ದೆ. ಇದು ಬರ್ತಿರಲಿಲ್ಲ."

ಲೋಬೀಲಿಯಾ ರಸ್ತೆ!

ನಗರದಾಚೆಯ ಮರಳುಬಯಲು ಕೇಪ್ ಫ್ಲ್ಯಾಟ್ಸಿನ ಆ ಬಡಾವಣೆಯಲ್ಲಿ ಅದನ್ನು ರಸ್ತೆ ಎಂದು ಯಾರೂ ಎಣಿಸುವುದಿಲ್ಲ, ಅದು ಗಡಿ. ಈ ಕಡೆ ಒಂದು ಗ್ಯಾಂಗು, ಆ ಕಡೆ ಇನ್ನೊಂದು. ನಡುವೆ ಎಂಟು ಮಾರಿನ ಡಾಂಬರು. ನಾಲ್ಕು ವರ್ಷದ ಹಿಂದೆ ಲಿಯೋನಾಳ ತಮ್ಮ ಗ್ಲೆನ್, "ಅಕ್ಕಾ, ಐದೇ ನಿಮಿಷ," ಎಂದು ಇದೇ ಗ್ಯಾರೇಜಿನಿಂದ ಹೊರಟವನು, ಆ ಡಾಂಬರಿನ ನಡುವೆ ಬಿದ್ದಿದ್ದ. ಹದಿನೇಳು ವಯಸ್ಸು. ಯಾರಿಗೋ ಇಟ್ಟ ಗುರಿ... ಅಂದಿನಿಂದ ಅವಳು ಆ ರಸ್ತೆ ದಾಟಿರಲಿಲ್ಲ. ಒಂದೇ ಒಂದು ಸಲವೂ!

ಆತ ಪಕ್ಕಕ್ಕೆ ಸರಿದ. ಅವನ ಬೆನ್ನ ಹಿಂದೆ ಏಳು ಮಕ್ಕಳಿದ್ದರು.

"ನನ್ನ ಹೆಸರು ಎಲ್ರಿಕೊ ಜೆಫ್ತಾ. ಬ್ರೆಡ್ ವ್ಯಾನ್ ಓಡಿಸ್ತೀನಿ. ಇವರಿಗೆ ಊದೋದು ಅಷ್ಟಿಷ್ಟು ಕಲಿಸಿದ್ದೀನಿ. ಆದ್ರೆ ಇವರಿಗೆ ಬ್ಯಾಂಡ್ ಬೇಕು, ಮೇಡಮ್. ಕ್ರಿಸ್ಮಸ್ ಹಿಂದಿನ ರಾತ್ರಿ ಕೋಟು ಹಾಕ್ಕೊಂಡು ಮನೆಮನೆಗೆ ಹೋಗಿ ಕೀರ್ತನೆ ನುಡಿಸ್ಬೇಕಂತೆ. ಆ ಕಡೆ ಬ್ಯಾಂಡೇ ಇಲ್ಲ."

ಏಳರಲ್ಲಿ ಎಲ್ಲರಿಗಿಂತ ಚಿಕ್ಕವಳು ಮಿಶ್ಕಾ, ಎಂಟು ವರ್ಷದವಳು, ಕ್ಲಾರಿನೆಟ್ಟನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೇಳಿದಳು.

"ಟೀಚರ್, ನಮ್ಮ ಕೋಟು ಯಾವ ಬಣ್ಣ?"

ಬೇಡ ಅನ್ನು, ಲಿಯೋನಾ. ಬೇಡ ಅನ್ನು!

"ನೀಲಿ," ಎಂದಿತು ಅವಳ ಬಾಯಿ.

*

ಆದರೆ ಅವಳು ಒಂದು ನಿಯಮ ಹಾಕಿದಳು.

ಪ್ರತಿ ಗುರುವಾರ ಆರು ಗಂಟೆಗೆ ಅಭ್ಯಾಸ ಮುಗಿಯಬೇಕು. ಎಲ್ರಿಕೊ ಏಳೂ ಮಕ್ಕಳನ್ನು ಮನೆ ಮುಟ್ಟಿಸಬೇಕು. ಒಂದೊಂದು ಮಗುವೂ ತನ್ನ ಬಾಗಿಲಲ್ಲಿ ನಿಂತು ಕೀರ್ತನೆಯ ಒಂದು ಸಾಲು ಊದಬೇಕು. ಗ್ಯಾರೇಜಿನಲ್ಲಿ ಕಿವಿಗೊಟ್ಟು ಕೂತ ಲಿಯೋನಾ ಅದು ಕೇಳಿಸಿದ ಕೂಡಲೇ ಡ್ರಮ್ಮಿಗೆ ಒಂದು ಪೆಟ್ಟು ಹೊಡೆಯುತ್ತಾಳೆ. ಢಂ! ಆ ಪೆಟ್ಟು ಕೇಳಿಸಿದ ಮೇಲೆಯೇ ಮಗು ಒಳಗೆ ಹೋಗಬೇಕು.

ಕ್ರಿಸ್ಮಸ್ ಬ್ಯಾಂಡಿನಲ್ಲಿ ಡ್ರಮ್ ಇರುವುದಿಲ್ಲ. ಇದು ಚರ್ಚಿನ ಹುಡುಗರ ದಳದ ಹಳೆಯ ಡ್ರಮ್ಮು, ಗ್ಯಾರೇಜಿನ ಯಜಮಾನಿ ಆಂಟಿ ಡೋರೀನ್ ಅದರ ಮೇಲೆ ಆಲೂಗೆಡ್ಡೆ ಚೀಲ ಇಡುತ್ತಿದ್ದರು.

"ನನ್ನ ಆಲೂಗೆಡ್ಡೆಗೆ ಜಾಗ ಇಲ್ಲ, ನಿನ್ನ ಭಯಕ್ಕೆ ಮಾತ್ರ ಜಾಗ ಇದೆ," ಎಂದು ಆಂಟಿ ಗೊಣಗುತ್ತಲೇ ಚೀಲ ಎತ್ತಿದ್ದರು.

ಏಳು ಪೆಟ್ಟು ಆದಮೇಲೆ ಇನ್ನೊಂದು ಇತ್ತು. ಮಕ್ಕಳೆಲ್ಲ ಒಳಗೆ ಹೋದ ಮೇಲೆ ಎಲ್ರಿಕೊ ತನ್ನ ಮನೆ ಮೂಲೆಯಲ್ಲಿ ನಿಂತು ಒಂದೇ ಸ್ವರ ಊದುತ್ತಿದ್ದ. ಉದ್ದನೆಯದು. ಯಾವಾಗಲೂ ಶ್ರುತಿಗಿಂತ ಒಂದು ಕೂದಲೆಳೆಯಷ್ಟು ಇಳಿದದ್ದು. ಆಗ ಎಂಟನೆಯ ಪೆಟ್ಟು.

"ನಿಮ್ಮ ಕೊನೆಯ ಸ್ವರ ಇಳಿದಿರುತ್ತೆ," ಎಂದು ಅವಳು ದೂರಿದರೆ, "ಇಳಿದರೂ ಕೇಳಿಸ್ತಲ್ಲ?" ಎನ್ನುತ್ತಿದ್ದ.

ಚಳಿಗಾಲ ಪೂರ್ತಿ ಗಾಳಿ ಆ ಕಡೆಯಿಂದ ಬೀಸಿ, ಒಂದೊಂದು ಸಾಲನ್ನೂ ಅವಳ ಕಿವಿಯವರೆಗೆ ಹೊತ್ತು ತಂದಿತು. ಏಳು ಸಾಲು ಕೇಳುವವರೆಗೆ ಅವಳು ಟೀಚರು. ಎಂಟನೆಯದಕ್ಕೆ ಕಾಯುವಾಗ ಮಾತ್ರ...

ಇಲ್ಲ. ಆ ರಸ್ತೆ ದಾಟುವವನ ಮೇಲೆ ಮನಸ್ಸಿಡಬಾರದು. ಗುರುವಾರ ಗುರುವಾರ ಸಾಯಲು ನನ್ನಿಂದ ಆಗಲ್ಲ!

ಎಂದುಕೊಂಡೇ ಅವಳು ಗುರುವಾರ ಬಂತೆಂದರೆ ತಲೆ ಎರಡು ಸಲ ಬಾಚುತ್ತಿದ್ದಳು. ಆಂಟಿ ಡೋರೀನ್ ಅದನ್ನೂ ನೋಡುತ್ತಿದ್ದರು.

*

ನವೆಂಬರಿನ ಮೊದಲ ವಾರ, ಭೂಮಿಯ ಆ ದಕ್ಷಿಣ ತುದಿಯಲ್ಲಿ ಬೇಸಿಗೆ ಕಾಲಿಡುವ ಹೊತ್ತು, ಅವಳು ಅದನ್ನು ಕಂಡಳು.

ಚರ್ಚಿನ ಮೆಟ್ಟಿಲಿನಿಂದ ನೋಡಿದರೆ ಲೋಬೀಲಿಯಾ ರಸ್ತೆಯ ಆಚೆ ಮೂಲೆ ಕಾಣುತ್ತದೆ. ಅಲ್ಲಿ ಸ್ಟೋಫಿ ನಿಂತಿದ್ದ. ಆ ಕಡೆಯ ಗ್ಯಾಂಗಿನ ದೊಡ್ಡವನು, ಮುಂದಿನ ನಾಲ್ಕು ಹಲ್ಲಿಲ್ಲದವನು, ಯಾರ ಹೆಸರು ಹೇಳಿದರೆ ತಾಯಂದಿರು ಕಿಟಕಿ ಮುಚ್ಚುತ್ತಾರೋ ಅವನು! ಎಲ್ರಿಕೊ ಅವನ ಕೈ ಹಿಡಿದು ಕುಲುಕುತ್ತಿದ್ದ. ಇಬ್ಬರೂ ನಗುತ್ತಿದ್ದರು.

ಅವಳು ಅವರಿಗೆ ಬೆನ್ನು ಹಾಕಿ ಮೆಟ್ಟಿಲಿಳಿದಳು.

ಮುಂದಿನ ಗುರುವಾರ ಅಭ್ಯಾಸ ಮುಗಿದ ಮೇಲೆ ಅವನನ್ನು ಬಾಗಿಲ ಹೊರಗೆ ಕರೆದಳು.

"ಸ್ಟೋಫಿ ನಿಮಗೆ ಏನಾಗ್ಬೇಕು?"

ಎಲ್ರಿಕೊ ಮುಖ ಸಣ್ಣದಾಯಿತು. "ಅದು... ಹೇಳಿದ್ರೆ ನಿಮಗೆ ಭಯ ಆಗುತ್ತೆ ಅಂತ..."

"ಭಯ ನನಗೆ ಹೊಸದಲ್ಲ! ನನ್ನ ತಮ್ಮನನ್ನ ಕೊಂದ ಕೈಗಳನ್ನ ಕುಲುಕೋರು ನನ್ನ ಮಕ್ಕಳ ಕೈ ಹಿಡಿಯೋದು ಬೇಡ. ಇವತ್ತೇ ಕೊನೆ. ಮುಂದಿನ ವಾರದಿಂದ ಬರ್ಬೇಡಿ."

"ಲಿಯೋನಾ, ಒಂದು ಮಾತು ಕೇಳಿ..."

"ಆರು ಗಂಟೆ ಆಯ್ತು. ಮಕ್ಕಳನ್ನ ಮನೆ ಮುಟ್ಟಿಸಿ."

ಅವನು ಮಿಶ್ಕಾಳ ಕೈ ಹಿಡಿದು ನಡೆದ. ಅವಳು ತಿರುಗಿ ತಿರುಗಿ ಟೀಚರಿಗೆ ಕೈ ಬೀಸುತ್ತಿದ್ದಳು.

*

ಆರು ಹತ್ತು. ಡ್ರಮ್ಮಿನ ಕೋಲು ತೊಡೆಯ ಮೇಲೆ. ಯಾವ ಸಾಲೂ ಕೇಳಿಸಲಿಲ್ಲ.

ಆರು ಹದಿನೈದು. ಈ ಹೊತ್ತಿಗೆ ಮೂರು ಪೆಟ್ಟು ಆಗಿರಬೇಕಿತ್ತು!

ಹೊರಗೆ ಬೇಸಿಗೆಯ ಮೊದಲ ದೊಡ್ಡ ಗಾಳಿ ಎದ್ದಿತ್ತು. ತಗಡಿನ ಚಾವಣಿ ಪಟಪಟ ಬಡಿಯುತ್ತಿತ್ತು. ಮರಳು ಬಾಗಿಲ ಸಂದಿಯಿಂದ ಒಳಗೆ ಸುರಿಯುತ್ತಿತ್ತು.

ಆರು ಇಪ್ಪತ್ತೈದು. ಮಗು ಮನೆ ಸೇರುವ ಹೊತ್ತು ಮೀರಿದಾಗ ಕರುಳಿನಲ್ಲಿ ಏಳುವ ಸಂಕಟವನ್ನು ಬಲ್ಲವರೇ ಬಲ್ಲರು. ಇಲ್ಲಿ ಏಳು ಮಕ್ಕಳು...

ನಾನೇ ಅವನ ಜೊತೆ ಕಳಿಸಿದೆ. ಸ್ಟೋಫಿಯ ಗೆಳೆಯನ ಜೊತೆ. ದೇವರೇ, ನಾನೇ ಕಳಿಸಿದೆ!

ಆರು ಮೂವತ್ತೊಂದು. ಟಪ್. ಟಪ್ ಟಪ್.

ಆಂಟಿ ಡೋರೀನ್ ಅಡುಗೆಮನೆಯಿಂದ ಓಡಿ ಬಂದರು. ಪಟಾಕಿಯೋ ಗುಂಡೋ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

"ಯಾವ ಕಡೆ, ಆಂಟಿ? ಆ ಕಡೆನಾ?"

"ಯಾರಿಗೆ ಗೊತ್ತು ಮಗಳೇ! ಈ ಗಾಳಿ ಎಲ್ಲಾನೂ ಅತ್ತಲೇ ಹೊತ್ಕೊಂಡು ಹೋಗ್ತಿದೆ. ಗುಂಡೊಂದು ಕೇಳಿದ್ದೇ ಹೆಚ್ಚು. ಪಕ್ಕದ ಮನೆ ರೇಡಿಯೋನೇ ಕೇಳಿಸ್ತಿಲ್ಲ ನನಗೆ."

ಅತ್ತಲೇ... ಗಾಳಿ ಅತ್ತಲೇ ಹೋಗುತ್ತಿದೆ...

ಲಿಯೋನಾ ದಡಕ್ಕನೆ ಎದ್ದು ನಿಂತಳು.

ಗಾಳಿ ದಿಕ್ಕು ಬದಲಾಗಿತ್ತು. ಮಕ್ಕಳು ಊದಿದ್ದು ತನಗೆ ಕೇಳಿಸುವುದಿಲ್ಲ. ಕೇಳಿಸದೆ ತಾನು ಪೆಟ್ಟು ಹೊಡೆಯುವುದಿಲ್ಲ. ಪೆಟ್ಟು ಕೇಳದೆ ಮಕ್ಕಳು ಒಳಗೆ ಹೋಗುವುದಿಲ್ಲ!

ಏಳು ಮಕ್ಕಳು ಈ ಗಳಿಗೆಯಲ್ಲಿ ಏಳು ಬಾಗಿಲ ಹೊರಗೆ ನಿಂತಿದ್ದಾರೆ. ಗುಂಡಿನ ನಡುವೆ. ತಾನು ಹಾಕಿದ ನಿಯಮಕ್ಕೆ ಕಟ್ಟುಬಿದ್ದು...

"ಆಂಟಿ, ಡ್ರಮ್ ಹೊರಗೆ! ಹಿಡೀರಿ!"

"ನೀನು ಏನನ್ನೂ ಕೇಳಿಸ್ಕೊಂಡಿಲ್ಲವಲ್ಲೇ!"

"ಕೇಳಿಸ್ಕೊಳ್ಳದೇ ಹೊಡಿಬೇಕು, ಆಂಟಿ!"

ಇಬ್ಬರೂ ಎಳೆದು ಅದನ್ನು ಅಂಗಳಕ್ಕೆ ತಂದರು. ಲಿಯೋನಾ ಕೋಲೆತ್ತಿದಳು. ಕೇಳಿಸದ ಒಂದೊಂದು ಸಾಲಿಗೂ, ಕಾಣದ ಒಂದೊಂದು ಬಾಗಿಲಿಗೂ, ಒಂದೊಂದು ಹೆಸರು ಹೇಳಿಕೊಂಡು ಹೊಡೆದಳು. ಢಂ! ಒಳಗೆ ಹೋಗು. ಢಂ! ಒಳಗೆ ಹೋಗು, ಕಂದ. ಏಳನೆಯದು ಮಿಶ್ಕಾಳದು. ಢಂ!

ಎಂಟನೆಯದಕ್ಕೆ ಎತ್ತಿದ ಕೈ ಮೇಲೆಯೇ ನಿಂತಿತು.

ಇಳಿಯಲಿಲ್ಲ. ಎಷ್ಟು ಪ್ರಯತ್ನಿಸಿದರೂ ಇಳಿಯಲೇ ಇಲ್ಲ.

"ಲಿಯೋನಾ? ಇನ್ನೊಂದು ಬಾಕಿ ಇದೆ," ಎಂದರು ಆಂಟಿ.

ಅವಳು ಕೋಲು ಹಿಡಿದುಕೊಂಡೇ ಗೇಟು ತೆಗೆದು ಓಡಿದಳು.

"ಹೋಗ್ಬೇಡ ಕಣೇ! ಲಿಯೋನಾ! ಹೇಳಿದ ಮಾತು ಕೇಳು, ಹುಚ್ಚಿ!"

*

ಲೋಬೀಲಿಯಾ ರಸ್ತೆ ಖಾಲಿ ಬಿದ್ದಿತ್ತು. ಬಿಸಿಲು ಇನ್ನೂ ಇತ್ತು. ಅದೇ ಹೆದರಿಕೆ ಹುಟ್ಟಿಸುತ್ತಿತ್ತು. ಇಷ್ಟು ಬೆಳಕಿನಲ್ಲಿ ಇಷ್ಟು ಖಾಲಿ!

ಕಾಲುಗಳು ಡಾಂಬರಿನ ಅಂಚಿನಲ್ಲಿ ಹೂತಂತೆ ನಿಂತವು. ಗ್ಲೆನ್ ಬಿದ್ದ ಜಾಗ ಅಲ್ಲೇ, ಮ್ಯಾನ್‌ಹೋಲ್ ಮುಚ್ಚಳದ ಪಕ್ಕದಲ್ಲಿ.

ಐದೇ ನಿಮಿಷ, ಅಕ್ಕಾ.

ಅವಳು ಕಣ್ಣು ಮುಚ್ಚಲಿಲ್ಲ. ನೋಡುತ್ತಲೇ ದಾಟಿದಳು.

ಮೂಲೆಯ ಗೋಡೆಗೆ ಒರಗಿ ನಿಂತಿದ್ದ ಸ್ಟೋಫಿ. ಹಿಂದೆ ಇಬ್ಬರು.

"ಓಹೋ, ಬ್ಯಾಂಡ್ ಟೀಚರಮ್ಮ! ಕೋಲು ಹಿಡ್ಕೊಂಡು ನಮ್ಮನ್ನ ಹೊಡೆಯೋಕೆ ಬಂದ್ರಾ?"

"ಮಕ್ಕಳು... ನನ್ನ ಮಕ್ಕಳು..."

"ಒಳಗೆ ಹೋದ್ರು. ನಿಮ್ಮ ತಮಟೆ ಕೇಳ್ತಲ್ಲ, ಇಲಿಗಳ ಹಾಗೆ ತೂರ್ಕೊಂಡ್ರು." ಅವನು ಗಡಿಯಾರ ನೋಡಿದ. ಧ್ವನಿಯಲ್ಲಿ ನಗು ಇರಲಿಲ್ಲ. "ಗುರುವಾರ ಆರರಿಂದ ಆರೂವರೆ ಒಂದು ಗುಂಡೂ ಹಾರಲ್ಲ. ಬ್ರೆಡ್ ಅಣ್ಣನಿಗೆ ನಾನು ಕೊಟ್ಟ ಮಾತು. ಮಾರ್ಚಿನಿಂದ ಒಂದು ವಾರ ತಪ್ಪಿಸಿಲ್ಲ. ಇವತ್ತು ತಡ ಮಾಡಿದ್ದು ನೀವು, ನಾನಲ್ಲ."

ಲಿಯೋನಾ ಗೋಡೆ ಹಿಡಿದುಕೊಂಡಳು.

"ಮಾತು...? ಅದಕ್ಕೆ ಅವನು ನಿನಗೆ ಏನು ಕೊಟ್ಟ?"

"ನಮ್ಮಮ್ಮನ ಮಣ್ಣಿಗೆ ಬಂದು ಊದಿದ. ಹೋದ ಬೇಸಿಗೆಯಲ್ಲಿ. ನಿಮ್ಮ ಹತ್ರ ಬ್ಯಾಂಡ್ ಕೇಳಿ ಕಳಿಸಿದ್ದೆ, ನೀವು ಬರಲಿಲ್ಲ. ಇವನೊಬ್ಬನೇ ಬಂದ, ಗೋರಿಯ ತನಕ ಊದ್ತಾ ನಡೆದ. ಆಮೇಲೆ ಏನು ಬೇಕೋ ಕೇಳು ಅಂದೆ. ಅರ್ಧ ಗಂಟೆ ಬೇಕು ಅಂದ. ಮೂರ್ಖ! ಏನ್ ಬೇಕಾದ್ರೂ ಕೇಳಬಹುದಿತ್ತು!"

ಆಚೆ ಬೀದಿಯಿಂದ ಒಂದು ಸ್ವರ ತೇಲಿ ಬಂತು. ಉದ್ದನೆಯದು. ಒಂದು ಕೂದಲೆಳೆಯಷ್ಟು ಇಳಿದದ್ದು. ನಿಂತಿತು. ಮತ್ತೆ ಬಂತು...

"ಆಗ್ಲಿಂದ ಅದನ್ನೇ ಊದ್ತಿದ್ದಾನೆ," ಎಂದ ಸ್ಟೋಫಿ. "ಹತ್ತು ನಿಮಿಷ ಕೊಡ್ತೀನಿ, ಟೀಚರಮ್ಮ. ಕರ್ಕೊಂಡು ಹೋಗಿ. ನೋಡೋಕಾಗ್ತಿಲ್ಲ."

*

ಎಲ್ರಿಕೊ ತನ್ನ ಮನೆ ಮೂಲೆಯಲ್ಲಿ, ಬಟ್ಟಬಯಲಲ್ಲಿ ನಿಂತಿದ್ದ. ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಗುಂಡು ಹಾರಿದಾಗ ಮಿಶ್ಕಾಳನ್ನು ಅಪ್ಪಿಕೊಂಡು ಗೋಡೆಯ ಹಿಂದೆ ಉರುಳಿದ್ದ. ಏಳನೆಯ ಪೆಟ್ಟು ಕೇಳಿದ ಮೇಲೆಯೇ ಅವಳನ್ನು ಅಜ್ಜಿಯ ಕೈಗೆ ಒಪ್ಪಿಸಿದ್ದ.

ಲಿಯೋನಾಳನ್ನು ಕಂಡದ್ದೇ ಅವನ ಬಾಯಿಂದ ಸ್ಯಾಕ್ಸೋಫೋನು ಜಾರಿತು.

"ನೀವು... ರಸ್ತೆ ದಾಟಿ ಬಂದ್ರಾ?"

"ಒಳಗೆ ಯಾಕೆ ಹೋಗಲಿಲ್ಲ?" ಅವಳು ಕಿರುಚಿದಳು. "ಗುಂಡು ಹಾರ್ತಿದೆ! ತಲೆ ಕೆಟ್ಟಿದೆಯಾ ನಿನಗೆ?"

"ಎಂಟನೆಯದು ಬರಲಿಲ್ಲ. ಕೇಳಿಸದೆ ಒಳಗೆ ಹೋಗ್ಬಾರ್ದು ಅಂತ ನಿಯಮ ಮಾಡಿದ್ದು ನೀವೇ." ಅವನು ತಲೆ ತಗ್ಗಿಸಿದ. "ಏಳು ಹೊಡೆದು ನಿಲ್ಲಿಸಿದ್ರಿ. ನನಗೆ ಇನ್ನು ಹೊಡೆಯಲ್ಲ ಅಂತ ತೀರ್ಮಾನ ಮಾಡಿದ್ದೀರಿ ಅಂದ್ಕೊಂಡೆ. ಆದ್ರೂ... ಇನ್ನೊಂದು ಸಲ ಊದಿ ನೋಡೋಣ ಅನ್ನಿಸ್ತು. ಆಮೇಲೆ ಮತ್ತೊಂದು ಸಲ."

ಅವಳ ಕಣ್ಣು ತುಂಬಿ ಬಂತು.

"ಸ್ಟೋಫಿ ಎಲ್ಲಾ ಹೇಳಿದ. ಆ ಮಣ್ಣಿಗೆ ಬ್ಯಾಂಡ್ ಬೇಡ ಅಂದಿದ್ದು ನಾನೇ. ನೀನು ಒಬ್ಬನೇ ಹೋಗಿದ್ದೆ. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಕ್ಕಳನ್ನ ಬಿಡಿಸ್ತಿದ್ರಿ. ಅವನ ಮಾತಿನ ಮೇಲೆ ಮಕ್ಕಳು ನಡೀತಿದ್ದಾರೆ ಅಂತ ಗೊತ್ತಾಗಿದ್ರೆ ನೀವು ನಿದ್ದೆ ಮಾಡ್ತಿರಲಿಲ್ಲ."

ನಿಜ. ಪೂರ್ತಿ ನಿಜ.

"ನೀನಂದ್ಕೊಂಡ ಹಾಗಲ್ಲ, ಎಲ್ರಿಕೊ," ಎಂದಳು. ಮಾತು ತುಂಡುತುಂಡಾಗಿ ಬಂತು. "ಮಕ್ಕಳಿಗೆ ಕೇಳಿಸ್ಕೊಳ್ಳದೇ ಹೊಡೆದೆ. ನಂಬಿ ಹೊಡೆದೆ. ನಿನ್ನದಕ್ಕೆ... ಕೈ ಬರಲಿಲ್ಲ. ಹೊಡೆದು, ಅದು ಸುಳ್ಳಾಗಿಬಿಟ್ಟಿದ್ರೆ? ಇನ್ನೊಂದು ಸಲ ನಾನು ಬದುಕ್ತಿರಲಿಲ್ಲ. ಅದಕ್ಕೇ ನೋಡೋಕೆ ಬಂದೆ..."

ಗಾಳಿಗೆ ಅವಳ ಕೂದಲು ಕಣ್ಣಿಗೆ ಬಡಿಯುತ್ತಿತ್ತು. ಅವನು ಒಂದು ಹೆಜ್ಜೆ ಸರಿದು ಗಾಳಿಗೆ ಬೆನ್ನು ಕೊಟ್ಟು ನಿಂತ.

ಆಗ ಅವಳಿಗೆ ಕೈಯಲ್ಲಿನ ಕೋಲು ನೆನಪಾಯಿತು. ಬಟ್ಟೆ ಸುತ್ತಿದ ಅದರ ತುದಿಯಿಂದ ಅವನ ಎದೆಗೆ ಮೆಲ್ಲಗೆ ತಟ್ಟಿದಳು. ಒಂದೇ ಸಲ.

"ಎಂಟು."

ಅವನು ಆ ಕೋಲನ್ನೂ, ಕೋಲು ಹಿಡಿದ ಕೈಯನ್ನೂ ಎದೆಗೆ ಒತ್ತಿ ಹಿಡಿದ. ಒಳಗೆ ಏನೋ ಢಂ ಢಂ ಎನ್ನುತ್ತಿತ್ತು. ಅದು ಯಾರ ಎದೆಯದೆಂದು ಇಬ್ಬರಿಗೂ ತಿಳಿಯಲಿಲ್ಲ.

"ಕೊನೆಯ ಸ್ವರ ಹೇಗಿತ್ತು, ಟೀಚರ್?"

"ಇಳಿದಿತ್ತು," ಎಂದಳು ಅವಳು, ಅಳುತ್ತಲೇ ನಗುತ್ತ. "ಯಾವತ್ತು ಸರಿಯಾಗಿತ್ತು?"

"ಇಳಿದರೂ ಕೇಳಿಸ್ತಲ್ಲ?"

"ಕೇಳಿಸ್ತು. ಇನ್ನು ಏಳೇ ನಿಮಿಷ ಇದೆ... ಮನೆಗೆ ಬಾ."