ಏಳು ಖಾಲಿ ಚೌಕಟ್ಟು

೨೦೨೫ರ ಜನವರಿ ಆರು, ಸೋಮವಾರ. ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಬಸವನ ಬಾಗೇವಾಡಿ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ಮಹಮ್ಮದಹನೀಫ ಪೆನ್ನು ಕೆಳಗಿಟ್ಟ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವನು ಬೈಕು, ಪಂಪ್‌ಸೆಟ್ಟು, ಕುರಿ, ಒಂದು ಸಲ ಬ್ಯಾಂಡ್ ಕಂಪನಿಯವರ ಡೋಲು ಕೂಡ ಕಳುವಾದದ್ದನ್ನು ಬರೆದುಕೊಂಡಿದ್ದ. ಚಿತ್ರ ಕಳುವಾದದ್ದು ಇದೇ ಮೊದಲು.

"ಏಳು ಚಿತ್ರ ಹೋಗ್ಯಾವ ಅಂದ್ರ ಚೌಕಟ್ಟು ಸಮೇತೇನ್ರಿ?"

"ಇಲ್ರಿ. ಚೌಕಟ್ಟು ಗ್ವಾಡಿ ಮ್ಯಾಲೇ ಅದಾವು. ಒಳಗಿನ ಚಿತ್ರ ಅಷ್ಟ ಇಲ್ಲ."

ದೂರು ತಂದವಳು ಸಂಪದಾ ಕುಲಕರ್ಣಿ, ಊರ ಹೊರಗಿನ ಡೋಣಿ ವಿಶ್ವವಿದ್ಯಾಲಯದ ಕಲಾ ಗ್ಯಾಲರಿಯನ್ನು ನೋಡಿಕೊಳ್ಳುವವಳು. ಡಿಸೆಂಬರಿನಿಂದ ಮಾರ್ಚಿವರೆಗೆ ಅಲ್ಲಿ ಪ್ರದರ್ಶನಗಳ ಹಂಗಾಮು. ತಿಂಗಳಿಗೊಂದು ಪ್ರದರ್ಶನ, ಪ್ರತಿ ಶನಿವಾರ ಸಂಜೆ ಊರವರಿಗೆಲ್ಲ ತೆರೆದ ಉಪನ್ಯಾಸ. ಜನವರಿ ತಿಂಗಳು ಚಿತ್ರಕಲಾ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಅರುಣಕುಮಾರರದು. ಮೂವತ್ತೆರಡು ಚಿತ್ರ ತೂಗುಹಾಕಿದ್ದರು. ಶನಿವಾರ ಸಂಜೆ ಆರೂವರೆಗೆ ಬೀಗ ಹಾಕಿ ಹೋದ ಸಂಪದಾ ಸೋಮವಾರ ಒಂಬತ್ತಕ್ಕೆ ಬಾಗಿಲು ತೆಗೆದಾಗ ಇಪ್ಪತ್ತೈದು ಉಳಿದಿದ್ದವು.

ಪಿಎಸ್‌ಐ ಶ್ರೀವಾಣಿ ದೂರು ಓದಿ, ಭಾರತೀಯ ನ್ಯಾಯ ಸಂಹಿತೆಯ ಕಲಂ ೩೦೫ರಡಿ ಎಫ್‌ಐಆರ್ ದಾಖಲಿಸಲು ಹೇಳಿ ಜೀಪು ಹತ್ತಿದಳು. ಸಿಂದಗಿಯಿಂದ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಗ್ಯಾಲರಿಯ ಮುಂದೆ ದಿನಾ ಓಡಾಡುತ್ತಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಚಿತ್ರ ನೋಡುವುದು ಹೊಟ್ಟೆ ತುಂಬಿದವರ ಕೆಲಸ ಎಂದು ಅವಳ ಎಣಿಕೆ.

ಪಂಚನಾಮೆ ಹನ್ನೊಂದು ಗಂಟೆಗೆ ಶುರುವಾಯಿತು. ಬೀಗ ಒಡೆದಿರಲಿಲ್ಲ, ಕಿಟಕಿ ಮುಟ್ಟಿರಲಿಲ್ಲ. ಏಳು ಚೌಕಟ್ಟುಗಳು ಒಂದಿಷ್ಟೂ ಓರೆಯಾಗದೆ ತಮ್ಮ ತಮ್ಮ ಮೊಳೆಗೆ ತೂಗುತ್ತಿದ್ದವು. ಅವುಗಳೊಳಗೆ ಗೋಡೆಯ ಸುಣ್ಣ ಕಾಣುತ್ತಿತ್ತು. ಹನೀಫ ಒಂದನ್ನು ಇಳಿಸಿ ಹಿಂಬದಿ ನೋಡಿದ. ಬಟ್ಟೆಯನ್ನು ಒಳಗಿನ ಕಟ್ಟಿಗೆಗೆ ಬಿಗಿದು ಹೊಡೆದಿದ್ದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಅಲ್ಲೇ ಸಂದಿಯಲ್ಲಿ ಸಿಕ್ಕಿಸಿದ್ದರು. ಏಳಕ್ಕೂ ಹಾಗೇ.

"ಇಂವ ಎಂಥಾ ಕಳ್ಳ್ರೀ ಮೇಡಂ? ಬ್ಲೇಡು ಹಾಕಿದ್ರ ಐದು ಮಿನೀಟಿನ ಕೆಲಸ. ಇಡೀ ದಿನ ಕುಂತು ಮೊಳಿ ಕಿತ್ತಾನ."

"ಅರಿವಿ ಹರೀಬಾರದು ಅಂತ ಕಿತ್ತಾನ. ಬರ್ಕೋರಿ."

ಕ್ಯಾಟಲಾಗ್ ತರಿಸಿ ನೋಡಿದಳು. ಕಾಣೆಯಾದವು ಹದಿನೆಂಟರಿಂದ ಇಪ್ಪತ್ತನಾಲ್ಕನೆಯ ಚಿತ್ರಗಳು. ಏಳಕ್ಕೂ ಒಂದೇ ಹೆಸರು: ‘ಹೆಸರಿಲ್ಲದ ಹೆಣ್ಣುಮಗಳು’. ಮುದುಕಿಯೊಬ್ಬಳು ಹೊರಸಿನ ಮೇಲೆ ಕೂತಿದ್ದಾಳೆ, ಮಲಗಿದ್ದಾಳೆ, ಗೋಡೆಗೆ ಒರಗಿದ್ದಾಳೆ. ಚಿತ್ರದಿಂದ ಚಿತ್ರಕ್ಕೆ ಸೊರಗುತ್ತಾ ಹೋಗಿದ್ದಾಳೆ. ಕೊನೆಯದರಲ್ಲಿ ಕಣ್ಣು ಮುಚ್ಚಿದೆ, ಬಾಯಿ ಒಂದಿಷ್ಟು ತೆರೆದಿದೆ. ಶ್ರೀವಾಣಿ ಆ ಪುಟ ಮಗುಚಲು ಹೋಗಿ ನಿಂತಳು. ಯಾಕೋ ಬೇರೆಯವರ ಮನೆಯ ಒಳಕೋಣೆಗೆ ಕೇಳದೆ ಹೊಕ್ಕಂತೆ ಅನಿಸಿತು.

ಕೀಲಿ ಎರಡು. ಒಂದು ಸಂಪದಾಳ ಬಳಿ, ಇನ್ನೊಂದು ಪ್ರೊಫೆಸರರ ಬಳಿ.

ಅರುಣಕುಮಾರರು ತಮ್ಮ ಕೋಣೆಯಲ್ಲಿ ಚಹಾ ತರಿಸಿದರು. ನೆಲಕ್ಕೆ ಬಿದ್ದ ಸೂಜಿಯ ಮೇಲೂ ಸಿಟ್ಟಾಗದಂಥ ಮೆತ್ತನೆಯ ಮಾತು.

"ನಿಮ್ಮ ಕೀಲಿ ರವಿವಾರ ಎಲ್ಲಿತ್ತು ಸರ್?"

"ನಮ್ಮ ಸೋಮನಿಂಗ ಒಯ್ದಿದ್ದ. ಅತಿಥಿ ಉಪನ್ಯಾಸಕ. ನನ್ನ ಕೈಯಾಗ ಪಿಎಚ್‌ಡಿ ಮಾಡಾಕತ್ತಾನ. ಬರೋ ಶನಿವಾರದ ಉಪನ್ಯಾಸ ಅವಂದ, ನನ್ನ ಚಿತ್ರಗಳ ಬಗ್ಗೆ. ತಯಾರಿಗೆ ಅಂತ ಕೇಳಿದ. ಅವನ್ನ ಬಿಡ್ರಿ, ಬಂಗಾರದಂಥಾ ಹುಡುಗ. ಇದು ಹೊರಗಿನ ಟೋಳಿ ಕೆಲಸ."

"ಆ ಮುದುಕಿ ಯಾರು?"

"ನಿಡಗುಂದಿ ಸಂತಿಯಾಗ ನೋಡಿದ್ದೆ. ನೆನಪಿನ ಮ್ಯಾಲೆ ತಗದದ್ದು."

"ಸಂತಿಯಾಗ ಹೊರಸಿನ ಮ್ಯಾಲೆ ಮಲಗಿದ್ಲೇನ್ರಿ?"

ಪ್ರೊಫೆಸರರು ನಕ್ಕು, ಕಲಾವಿದನ ಕಲ್ಪನೆ ಎಂಬುದೊಂದು ಇರುತ್ತದಲ್ಲ ಎಂದರು.

ಅಂದು ಸೋಮನಿಂಗ ರಜೆಯಲ್ಲಿದ್ದ. ಕಳ್ಳ ಅವನೇ ಎಂಬ ಮಾತು ಹನೀಫನ ನಾಲಿಗೆ ತುದಿಯಲ್ಲಿತ್ತು. ಆದರೆ ಇಪ್ಪತ್ತೈದು ಚಿತ್ರ ಬಿಟ್ಟು ಈ ಏಳೇ ಯಾಕೆ ಎಂಬುದು ಶ್ರೀವಾಣಿಗೆ ಬಗೆಹರಿದಿರಲಿಲ್ಲ. ಬಗೆಹರಿಯದೆ ಮನೆ ಬಾಗಿಲು ತಟ್ಟುವವಳಲ್ಲ ಅವಳು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಮುದ್ದೇಬಿಹಾಳಕ್ಕೆ ಹೋದರು. ಪ್ರದರ್ಶನಕ್ಕೆ ಚೌಕಟ್ಟು ಕಟ್ಟಿದ ತಬ್ರೇಜನ ಅಂಗಡಿ ಬಸ್ ನಿಲ್ದಾಣದ ಹಿಂದಿತ್ತು. ಅವನು ಗರಗಸ ಕೆಳಗಿಟ್ಟು ಎದ್ದು ನಿಂತ.

"ಚಿತ್ರ ಯಾರು ತಂದಿದ್ರು?"

"ಸೋಮನಿಂಗ ಸರ್ ತಂದಿದ್ರಿ. ಬಣ್ಣ ಹೊರಗ ಮಾಡಿ ಸುತ್ತಿ ತಂದಿದ್ರು. ಚಿತ್ರ ತಗಿಯೋರಿಗಷ್ಟ ಅದು ಗೊತ್ತಿರ್ತದ. ಉಳಿದವರು ಬಣ್ಣ ಒಳಗ ಮಾಡಿ ಸುತ್ತಿ ಸುಕ್ಕು ಬೀಳಿಸ್ತಾರ್ರಿ."

"ಮತ್ತೇನರ ವಿಶೇಷ?"

ತಬ್ರೇಜ ತಲೆ ಕೆರೆದುಕೊಂಡ. "ಆ ಅರಿವಿ ಪ್ಯಾಟಿಯಾಗಿಂದು ಅಲ್ರಿ ಮೇಡಂ. ಬಣ್ಣ ಹಚ್ಚೂದಕ್ಕಿಂತ ಮೊದಲ ಹುಣಸಿ ಬೀಜದ ಗಂಜಿ ಕುಡಿಸ್ಯಾರ. ಕಂಬಳಿ ನೇಯೋರು ನೂಲಿಗೆ ಹಚ್ಚತಾರಲ್ರಿ, ಅದು. ನಾ ಅಂದೆ, ಸರ್, ಇದಕ್ಕ ಇಲಿ ಬೀಳ್ತಾವ ಅಂತ. ನಮ್ಮನಿಯಾಗ ಹಿಂಗ ಮಾಡ್ತೇವಿ ಅಂದ್ರು."

"ಏಳಕ್ಕೂ ಹಂಗ ಇತ್ತೇನು?"

"ಏಳಕ್ಕಲ್ರಿ. ಮೂವತ್ತೆರಡಕ್ಕೂ."

ಶ್ರೀವಾಣಿ ಹನೀಫನ ಮುಖ ನೋಡಿದಳು. ಹನೀಫ ಪುಸ್ತಕದಲ್ಲಿ ಆ ಅಂಕಿಯ ಕೆಳಗೆ ಗೆರೆ ಎಳೆದ.

ಮಧ್ಯಾಹ್ನ ಒಂದಕ್ಕೆ ಗ್ಯಾಲರಿಗೆ ಮರಳಿ, ಉಳಿದ ಇಪ್ಪತ್ತೈದನ್ನೂ ಇಳಿಸಿ ಹಿಂಬದಿಯನ್ನು ಉಗುರಿನಿಂದ ಕೆರೆದು ನೋಡಿದರು. ಕಂದು ಬಣ್ಣದ ಹುಡಿ ಉದುರಿತು. ಪ್ರೊಫೆಸರರನ್ನು ಕರೆಸಿ ಶ್ರೀವಾಣಿ ಒಂದೇ ಪ್ರಶ್ನೆ ಕೇಳಿದಳು.

"ಬಟ್ಟಿಗೆ ಮೊದಲು ಏನು ಹಚ್ಚತೀರಿ ಸರ್?"

"ಬಿಳಿ ಲೇಪ ಬರ್ತದ. ಬೆಂಗಳೂರಿಂದ ಡಬ್ಬಿ ತರಸ್ತೇನಿ."

"ಬ್ಯಾರೆ ಏನೂ ಇಲ್ಲ?"

"ಬ್ಯಾರೆ ಏನು ಬೇಕ್ರಿ?"

ಅವಳು ಅದನ್ನು ಅವರ ಮಾತಿನಲ್ಲೇ ಬರೆದುಕೊಂಡು ಸಹಿ ಹಾಕಿಸಿದಳು. ಅವರು ಓದದೆ ಹಾಕಿದರು. ಹುಡಿಯನ್ನು ಲಕೋಟೆಗೆ ಹಾಕಿ ಪ್ರಯೋಗಾಲಯಕ್ಕೆಂದು ಸೀಲು ಮಾಡಿದ್ದಾಯಿತು.

ಸೋಮನಿಂಗನ ಊರು ಗೊಳಸಂಗಿ ಮುಟ್ಟಿದಾಗ ಮೂರೂ ಕಾಲು. ಅವನ ಮನೆಯ ಪಡಸಾಲೆಯಲ್ಲಿ ಕಂಬಳಿ ಮಗ್ಗದ ಕುಣಿ ಇತ್ತು. ಅವನು ಅದರ ದಂಡೆಯ ಮೇಲೆ ಕೂತಿದ್ದ. ಮೂವತ್ತೆಂಟರ ಪ್ರಾಯ, ಆಗಲೇ ಅರ್ಧ ತಲೆ ಬೆಳ್ಳಗೆ. ಹೆಂಡತಿ ರಾಜಶ್ರೀ ಒಳಬಾಗಿಲಿನಲ್ಲಿ ನಿಂತಳು.

"ಬರ್ರಿ ಮೇಡಂ. ನಿನ್ನಿನೇ ಬರ್ತೀರಿ ಅನ್ಕೊಂಡಿದ್ದೆ."

ಸೋಮನಿಂಗ ಪಕ್ಕದಲ್ಲಿದ್ದ ಕಂಬಳಿಯ ಸುರುಳಿ ಬಿಚ್ಚಿ ತೋರಿಸಿದ. ಏಳು ಚಿತ್ರ, ಬಣ್ಣ ಹೊರಗೆ ಮಾಡಿ ಸುತ್ತಿದ್ದವು. ಪಂಚರ ಮುಂದೆ ಒಂದೊಂದನ್ನೇ ನೆಲದ ಮೇಲೆ ಹಾಸಿದಾಗ ಶ್ರೀವಾಣಿ ಹಿಂದಿನ ಗೋಡೆ ನೋಡಿದಳು. ಚಿತ್ರದಲ್ಲಿದ್ದ ಅದೇ ಗೂಡು, ಅದೇ ಹೊರಸು. ಹೊರಸು ಮಾತ್ರ ಈಗ ಬರಿದಾಗಿ ಗೋಡೆಗೆ ನಿಂತಿತ್ತು.

"ಯಾರಿಕಿ?"

"ನಮ್ಮವ್ವರೀ. ಕಸ್ತೂರೆವ್ವ."

"ಯಾರು ತಗದದ್ದು?"

ಸೋಮನಿಂಗ ಹೊರಸಿನ ಕಡೆ ನೋಡಿದ. ಒಳಗಿನಿಂದ ರಾಜಶ್ರೀ, "ಹೇಳ್ರಲ್ಲ" ಎಂದಳು. ಸಿಟ್ಟಿನಿಂದಲ್ಲ, ಬೇಸತ್ತ ದನಿಯಲ್ಲಿ.

ಆಮೇಲೆ ಅವನು ಹೇಳಿದ್ದು ಹನೀಫನ ಪುಸ್ತಕದಲ್ಲಿ ನಾಲ್ಕು ಪುಟವಾಯಿತು. ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕ. ಪ್ರತಿ ಜೂನಿನಲ್ಲಿ ನೌಕರಿ ಮುಗಿಯುತ್ತದೆ, ಮುಖ್ಯಸ್ಥರು ಪತ್ರ ಕೊಟ್ಟರೆ ಮತ್ತೆ ಶುರು. ಮೊದಲ ವರ್ಷ ಅವರಿಗೆ ಕೈ ನೋವೆಂದು ಒಂದು ಚಿತ್ರದ ಹಿನ್ನೆಲೆ ತುಂಬಿಕೊಟ್ಟ. ಎರಡನೆಯ ವರ್ಷ ಅರ್ಧ ಚಿತ್ರ. ಮೂರನೆಯ ವರ್ಷದಿಂದ ಅವರು ಮೂಲೆಯಲ್ಲಿ ಸಹಿ ಮಾತ್ರ ಮಾಡಿದರು. ಪಿಎಚ್‌ಡಿ ಪ್ರಬಂಧ ಬರೆದು ಮುಗಿಸಿ ನಾಲ್ಕು ವರ್ಷವಾಯಿತು, ಅದು ಅವರ ಸಹಿಗೆ ಕಾದು ಬಿದ್ದಿದೆ. ಆ ಸಹಿ ಇಲ್ಲದಿದ್ದರೆ ಹೊಸ ನಿಯಮದಂತೆ ಬರುವ ಜೂನಿನಲ್ಲಿ ಅತಿಥಿ ನೌಕರಿಯೂ ಇಲ್ಲ. ಬಾಯಿಬಿಟ್ಟರೆ ಸಹಿ ಹೋಗುತ್ತದೆ, ಬಿಡದಿದ್ದರೆ ಚಿತ್ರ ಹೋಗುತ್ತದೆ. ಹೀಗೇ ಹನ್ನೊಂದು ವರ್ಷ.

"ಉಳಿದವು ಹೋದ್ರ ಹೋಗಲಿ ಅಂತ ಸುಮ್ಮನಿದ್ದೆರಿ. ಜುಲೈದಾಗ ಅವ್ವ ಹಾಸಿಗಿ ಹಿಡದ್ಲು. ಹತ್ತೊಂಬತ್ತು ದಿನ. ಅಕಿ ಬಾಜೂಕ ಕುಂತು ಬರದೇನ್ರಿ. ‘ನನ್ನ ಮೂಗು ಇಷ್ಟ ದೊಡ್ಡದೈತೇನೋ’ ಅಂತ ಬೈತಿದ್ಲು. ಯಾರಿಗೂ ಕೊಡಾಕ ತಗದಿದ್ದಲ್ಲರಿ. ಅಕಿ ತೀರಿದ ಮ್ಯಾಲೆ ಸರ್ ಮಾತಾಡಿಸಾಕ ಅಂತ ಮನಿಗೆ ಬಂದ್ರು. ಗ್ವಾಡಿಗೆ ನಿಲ್ಲಿಸಿದ್ದು ನೋಡಿದ್ರು. ಹೋಗೂ ಮುಂದ ಕಾರಿನ್ಯಾಗ ಹಾಕು ಅಂದ್ರು."

"ಹಾಕಿದ್ರಿ?"

"ಹಾಕಿದೆರಿ."

ಹನೀಫ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಾ ಕೂತ.

"ಆರು ತಿಂಗಳು ತಡಕೊಂಡು ಈಗ್ಯಾಕ ತಂದ್ರಿ?"

"ಶನಿವಾರ ನಂದ ಉಪನ್ಯಾಸರಿ. ನಮ್ಮೂರಿಂದ ಜನ ಬರ್ತಾರ. ಅವ್ವನ ಮುಂದ ನಿಂತು ಇಕಿ ಯಾರೋ ಗೊತ್ತಿಲ್ಲ, ನಮ್ಮ ಗುರುಗಳು ಸಂತಿಯಾಗ ಕಂಡಿದ್ರು ಅಂತ ನಾನ ಹೇಳಬೇಕು. ಬರಕೊಂಡೇನಿ ಅದನ್ನ. ರವಿವಾರ ಅಲ್ಲೇ ಕುಂತು ಗಟ್ಟಿಯಾಗಿ ಓದಿ ನೋಡಿದೆ. ಆಗಲಿಲ್ಲರಿ."

ಪಂಚನಾಮೆಯಲ್ಲಿ ಶ್ರೀವಾಣಿ ಬರೆಸಿದಳು: ‘ಸದರಿ ಏಳು ಚಿತ್ರಗಳು ತನ್ನ ತಾಯಿ ಕಸ್ತೂರೆವ್ವಳವು, ತಾನೇ ಬರೆದವು ಎಂದು ಆರೋಪಿ ಹೇಳಿರುತ್ತಾನೆ.’

ಠಾಣೆಗೆ ಕರೆತರುವಷ್ಟರಲ್ಲಿ ಐದೂವರೆ. ಅರುಣಕುಮಾರರು ಆಗಲೇ ಬಂದು ಕೂತಿದ್ದರು. ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ.

"ಮೇಡಂ, ಹುಡುಗನ ಜೀವನ ಹಾಳಾಗೂದು ಬ್ಯಾಡ. ಚಿತ್ರ ಪ್ರೊಫೆಸರ್ ಅರುಣಕುಮಾರರವು, ಉಪನ್ಯಾಸದ ತಯಾರಿಗೆ ಕೇಳದ ಒಯ್ದಿದ್ದೆ ಅಂತ ಇದರಾಗ ಬರಸೇನಿ. ಇವಂದೊಂದು ಸಹಿ ಬಿದ್ರ ವಿಶ್ವವಿದ್ಯಾಲಯ ಕೋರ್ಟಿನ್ಯಾಗ ರಾಜಿ ಆಗ್ತದ. ಅವನ ಪ್ರಬಂಧಕ್ಕೂ ನಾಳೆನೇ ಸಹಿ ಮಾಡ್ತೇನಿ. ಅವನ ಹೆಂಡತಿಗೂ ಫೋನ್ ಮಾಡಿ ತಿಳಿಸಿ ಹೇಳೇನಿ."

ಹಾಳೆ ಮೇಜಿನ ಮೇಲೆ ಬಂತು. ಶ್ರೀವಾಣಿಗೆ ಮೈ ಉರಿಯಿತು, ಆದರೆ ಮಾಡುವುದೇನು? ದೂರು ಕಾನೂನಿನ ಪ್ರಕಾರ ಸರಿಯಾಗಿತ್ತು. ಮಾಲು ಸಿಕ್ಕಿತ್ತು. ಪ್ರತಿ ಚಿತ್ರದ ಮೂಲೆಯಲ್ಲಿ ಪ್ರೊಫೆಸರರ ಸಹಿ ಇತ್ತು. ಹುಣಸೆ ಬೀಜದ ಹುಡಿ ಕೋರ್ಟಿನಲ್ಲಿ ಎಷ್ಟು ತೂಗೀತೋ ಯಾರು ಬಲ್ಲರು? ಅವಳು ಪ್ರೊಫೆಸರರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಸಿದಳು.

"ನೋಡ್ರಿ ಸೋಮನಿಂಗ. ಇದಕ್ಕ ಸಹಿ ಮಾಡಿದ್ರ ಬಿಡುಗಡಿ ಆಗ್ತೀರಿ. ಮಾಡಲಿಲ್ಲ ಅಂದ್ರ ನಾ ಅರೆಸ್ಟ್ ಮಾಡಬೇಕಾಗ್ತದ. ನೌಕರಿ ಹೋಗ್ತದ, ಪಿಎಚ್‌ಡಿನೂ ಹೋಗ್ತದ. ಚಿತ್ರ ನಿಮ್ಮವು ಅಂತ ಕೋರ್ಟಿನ್ಯಾಗ ನೀವು ತೋರಸಬೇಕು. ಎಷ್ಟು ವರ್ಷ ಹಿಡೀತದೋ ಹೇಳಾಕ ಬರಂಗಿಲ್ಲ. ನನ್ನ ಕೈಲಾದದ್ದು ನಾ ಬರದೇನಿ. ಅದರಾಚೆ ನನ್ನ ಕೈಯಾಗ ಏನೂ ಇಲ್ಲ."

ಸೋಮನಿಂಗ ಹಾಳೆಯನ್ನು ಎರಡು ಸಲ ಓದಿದ. ಹನೀಫ ಪೆನ್ನು ಕೊಟ್ಟ. ಕೊಡುವಾಗ, "ಮಾಡಿಬಿಡ್ರಿ ಸರ, ಮನಿ ಮಠ ಐತಿ" ಎಂದು ಮೆಲ್ಲಗೆ ಹೇಳಿದ. ಅವನಿಗೂ ಮೂವರು ಮಕ್ಕಳು. ಸೋಮನಿಂಗ ಪೆನ್ನನ್ನು ಹಾಳೆಗೆ ತಾಗಿಸಿದ. ಒಂದು ಚುಕ್ಕೆಯೂ ಮೂಡಿತು. ಅಲ್ಲಿಂದ ಕೈ ಮುಂದೆ ಹೋಗಲಿಲ್ಲ.

"ಹನ್ನೊಂದು ವರ್ಷ ಅವರು ಕೇಳಿದ್ದೆಲ್ಲಾ ಬರಕೊಟ್ಟೇನ್ರಿ ಮೇಡಂ. ಇದೊಂದು ಬರಿಯಂಗಿಲ್ಲ. ಅರೆಸ್ಟ್ ಮಾಡ್ರಿ."

ಸಂಜೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ದಸ್ತಗಿರಿ ಆಯಿತು. ಹೊರಗೆ ಸುದ್ದಿ ಕೇಳಿ ಅರುಣಕುಮಾರರು ತಮ್ಮ ಹಾಳೆಯನ್ನೂ ಕೇಳದೆ ಕಾರು ಹತ್ತಿದರು.

ಕೇಸ್ ಡೈರಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ಶ್ರೀವಾಣಿ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಹಣದಾಸೆ ಇಲ್ಲ, ವೈರತ್ವ ಎನ್ನಲೂ ಬಾರದು. ಕೊನೆಗೆ, ‘ತನ್ನ ತಾಯಿ ಯಾರೆಂದು ಗೊತ್ತಿಲ್ಲ ಎಂದು ಸಾರ್ವಜನಿಕವಾಗಿ ಹೇಳಬೇಕಾದ ಪ್ರಸಂಗ ತಪ್ಪಿಸಿಕೊಳ್ಳಲು’ ಎಂದು ಬರೆದಳು. ಮೇಲಿನವರು ಏನಾದರೂ ಅಂದುಕೊಳ್ಳಲಿ.

ದಸ್ತಗಿರಿಯ ವಿಷಯ ಮನೆಯವರಿಗೆ ತಿಳಿಸಬೇಕು. ಏಳಕ್ಕೆ ಐದು ನಿಮಿಷವಿರುವಾಗ ಅವಳು ರಾಜಶ್ರೀಗೆ ಫೋನ್ ಹಚ್ಚಿದಳು. ಅಳು, ಗೋಳಾಟ ಎಲ್ಲಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ಸಹಿ ಮಾಡಿದ್ರೇನ್ರಿ?" ಆ ಕಡೆಯಿಂದ ಮೊದಲ ಮಾತೇ ಇದು.

"ಇಲ್ಲವಾ. ಅರೆಸ್ಟ್ ಆಗೇತಿ."

ಫೋನಿನಾಚೆ ಎಲ್ಲೋ ಕುರಿ ಒದರುವುದು ಕೇಳಿಸಿತು.

"ಮೇಡಂ, ಚಿತ್ರ ಕಾರಿನ್ಯಾಗ ಹಾಕಿದ ದಿನದಿಂದ ಅವರು ನನ್ನ ಮಾರಿ ನೋಡಿ ಮಾತಾಡಿಲ್ರಿ. ಆರು ತಿಂಗಳಾತು. ಈಗ ನಾ ಬಂದ್ರ ಭೆಟ್ಟಿಗೆ ಬಿಡ್ತೀರೇನು?"

"ಬರ್ರಿ. ಬಿಡ್ತೇನಿ."

"ರೊಟ್ಟಿ ತರ್ತೇನ್ರಿ. ಮುಂಜಾನಿಂದ ಉಂಡಿಲ್ಲ ಅವರು. ಇವತ್ತ ಉಣ್ತಾರ."