ಅಮ್ಮನ ಎಡ ಚಪ್ಪಲಿ

ಅಪ್ಪ-ಅಮ್ಮನಿಗೆ ಈ ಪರದೇಶದ ಊರಿನ ದೇವಸ್ಥಾನಗಳನ್ನು ತೋರಿಸುತ್ತಿದ್ದೆ. ಕಳ್ಳರಿಗೆ ಜೋಡಿ ಸಿಗಬಾರದೆಂದು ಅಮ್ಮ ಚಪ್ಪಲಿಯನ್ನು ಬಾಗಿಲ ಆಚೆಗೊಂದು ಈಚೆಗೊಂದು ಬಿಡುತ್ತಾಳೆ. ಮೊದಲ ಗುಡಿಯಿಂದ ಹೊರಬಂದರೆ ಎರಡೂ ಜೋಡಿಯಾಗಿದ್ದವು.

“ಯಾರೋ ಈಗಷ್ಟೇ ಮೆಟ್ಟಿ ಬಿಟ್ಟಹಾಗೆ ಬಿಸಿ ಇದೆ ಕಣೋ,” ಎಂದಳು.

ಅಪ್ಪನ ಕಿತಾಪತಿಯೆಂದು ನನಗೆ ಗುಮಾನಿ. ಎರಡನೆಯ ಗುಡಿಯಲ್ಲಿ ಅವರ ಕೈ ಬಿಡಲೇ ಇಲ್ಲ. ಹೊರಗೆ ಮತ್ತೆ ಜೋಡಿ, ಮತ್ತೆ ಬಿಸಿ.

“ಹೋಗಿ ಹೋಗಿ ನನ್ನ ಮೇಲೆ ಅನುಮಾನನಾ?” ಅಪ್ಪ ರೇಗಿದರು.

ಮೂರನೆಯ ಗುಡಿಯಲ್ಲಿ ನಾನು ಒಳಗೆ ಹೋಗಲಿಲ್ಲ. ಬಲ ಚಪ್ಪಲಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು, ಬಾಗಿಲಲ್ಲಿದ್ದ ಎಡ ಚಪ್ಪಲಿಯನ್ನೇ ನೋಡುತ್ತ ಕೂತೆ. ಅದು ಕದಲಲಿಲ್ಲ.

ಅಮ್ಮ ಬಂದಮೇಲೆ ಚೀಲಕ್ಕೆ ಕೈ ಹಾಕಿದರೆ ಬೆಚ್ಚಗಿನ ಜೋಡಿಯೇ ಸಿಕ್ಕಿತು. ಬಾಗಿಲಲ್ಲಿದ್ದದ್ದೂ ಅಲ್ಲೇ ಇತ್ತು. ಎರಡು ಎಡ ಚಪ್ಪಲಿಗಳಲ್ಲೂ ಅಮ್ಮನ ಹೆಬ್ಬೆರಳು ಸವೆಸಿದ ಅದೇ ಗುಳಿ.