ಬೆಟ್ಟದ ದಾರಿಯಲ್ಲಿ ಕೈಕೊಟ್ಟ ಕ್ಲಚ್

ಕೆಂಪು ಸ್ಪೋರ್ಟ್ಸ್ ಕಾರನ್ನು ಮೂರನೇ ಸಲ ಎಳೆದು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದಾಗ ಬಿಡಿಭಾಗಗಳ ಕೌಂಟರಿನಲ್ಲಿದ್ದ ಭಾವನಿಗೆ ಒಳಗೊಳಗೇ ಖುಷಿಯಾಯಿತು. ಮುಖದ ಮೇಲೆ ಒಂದಿಷ್ಟು ಕಾಳಜಿ ತಂದುಕೊಳ್ಳಲು ಅವರು ಬಹಳ ಪಾಡುಪಡಬೇಕಾಯಿತು.

ಕಾರಿನ ಒಡತಿ ಹಲ್ಲಿನ ಡಾಕ್ಟರಮ್ಮ. ಕೈಚೀಲವನ್ನು ಎದೆಗೆ ಬಿಗಿಯಾಗಿ ಅವಚಿಕೊಂಡಿದ್ದರು. "ಮೊದಲು ಅಕ್ಕನ್ನ ಕರೀರಿ," ಎಂದರು. "ಇವತ್ತು ನಾನು ಬದುಕಿ ಬಂದದ್ದೇ ಹೆಚ್ಚು. ಬೆಟ್ಟದ ತಿರುವಿನಲ್ಲಿ ಗೇರ್ ಬದಲಿಸೋಣ ಅಂತ ಕ್ಲಚ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಗಿ ಕೂತುಬಿಡ್ತು. ಎದುರಿಗೆ ಲಾರಿ. ನನಗೆ ಗೊತ್ತಾಗಬೇಕು, ಇದು ಕೆಟ್ಟಿದ್ದೋ, ಯಾರಾದರೂ ಕೆಡಿಸಿದ್ದೋ."

ಅಕ್ಕ ಎಂದರೆ ಭಾವನ ಹೆಂಡತಿ. ಗ್ಯಾರೇಜಿನ ಮಾಲೀಕ ಆಕೆಯ ಸ್ವಂತ ತಮ್ಮ. ಅವನು ಕರೆದದ್ದನ್ನೇ ಎಲ್ಲರೂ ಕರೆದು ಅವರಿಬ್ಬರೂ ಊರಿಗೆಲ್ಲ ಅಕ್ಕ, ಭಾವ ಆಗಿಬಿಟ್ಟಿದ್ದರು. ಅಕ್ಕ ವಿಮಾ ಕಂಪನಿಯಲ್ಲಿದ್ದಾಗ ಜಜ್ಜಿಹೋದ ಕಾರುಗಳನ್ನು ನೋಡಿ ಯಾರು ನಿಜ ಹೇಳುತ್ತಿದ್ದಾರೆ, ಯಾರು ಕತೆ ಕಟ್ಟುತ್ತಿದ್ದಾರೆ ಎಂದು ಪತ್ತೆ ಹಚ್ಚುತ್ತಿದ್ದವರು. ನಿವೃತ್ತಿಯಾದ ಮೇಲೆ ಗ್ಯಾರೇಜಿನ ಮಹಡಿಯಲ್ಲೇ ವಾಸ. ಕೆಳಗೆ ಏನು ಕಳೆದರೂ, ಯಾರು ಕಿತ್ತಾಡಿದರೂ ವಿಷಯ ಮಹಡಿ ಹತ್ತುತ್ತಿತ್ತು. ಆಕೆ ಬಗ್ಗಿ ನೋಡುವಾಗ ಟಾರ್ಚ್ ಹಿಡಿಯುವುದು ಭಾವನ ಹಕ್ಕು. ಉಳಿದ ಹೊತ್ತು ಅವರು ಬಿಡಿಭಾಗಗಳ ಕೌಂಟರಿನಲ್ಲಿ ಕುರ್ಚಿ ಬಿಟ್ಟೇಳದೆ ಕೂತಿರುತ್ತಿದ್ದರು.

ಹೊಸಬ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಹೊಸಬ ಎಂದರೆ ಹೊಸ ಮೆಕ್ಯಾನಿಕ್. ಉದ್ದ ಬೆರಳುಗಳ, ಕಡಿಮೆ ಮಾತಿನ ಹುಡುಗ. "ಅವನ ಕೈ ನೋಡಿದ್ರಾ, ಎಷ್ಟು ಚೊಕ್ಕ ಕೆಲಸ," ಎಂದು ಅಕ್ಕ ಊಟಕ್ಕೆ ಕೂತಾಗಲೂ ಅವನದೇ ಮಾತು. ಮಂಡಿನೋವೆಂದು ಮೆಟ್ಟಿಲಿಳಿಯದಿದ್ದವರು ಈಗ ದಿನವೂ ಇಳಿದು ಬರುತ್ತಿದ್ದರು. ಟಾರ್ಚ್ ಕೂಡ ಅವನ ಕೈಗೆ ಹೋಗಿತ್ತು. ಭಾವನಿಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಸಾಲದ್ದಕ್ಕೆ ಹೊಸಬ ಕೌಂಟರಿಗೆ ಬಂದು, "ಭಾವ, ಒಡೆದ ಡಬ್ಬಿ ಬೇಡ, ಸೀಲ್ ಇರೋದೇ ಕೊಡಿ," ಎಂದು ಅಕ್ಕನೆದುರೇ ಹುಕುಂ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದ, ಬ್ರೇಕಿಗೂ ಕ್ಲಚ್ಚಿಗೂ ಹಾಕುವ ಬ್ರೇಕ್ ಆಯಿಲನ್ನು ನೀರಿನಂತೆ ಚೆಲ್ಲುತ್ತಿದ್ದ. ಮೊದಲಿನಿಂದಲೂ ಇಲ್ಲೇ ರಿಪೇರಿ ಮಾಡುತ್ತಿರುವ ಹಳೆಯ ಮೇಸ್ತ್ರಿಯಾದರೆ ಅರ್ಧ ಡಬ್ಬಿಯನ್ನು ಮರ್ಯಾದೆಯಿಂದ ವಾಪಸು ತಂದಿಡುತ್ತಿದ್ದರು. ಈ ರಗಳೆಯೇ ಬೇಡವೆಂದು ಭಾವ ಈಚೆಗೆ ತಾವೇ ಎದ್ದು, ಮುಚ್ಚಳ ತೆಗೆದು, ಡಬ್ಬಿಯನ್ನು ಅವನ ಮುಂದೆ ಕುಕ್ಕುತ್ತಿದ್ದರು.

ಅಕ್ಕ ಇಳಿದು ಬಂದು ನೇರವಾಗಿ ಕಾರಿನಲ್ಲಿ ಕೂತು ಪೆಡಲ್ ಒತ್ತಿದರು. ಅಷ್ಟು ಹೊತ್ತಿಗೆ ಇಂಜಿನ್ ಆರಿ ತಣ್ಣಗಾಗಿತ್ತು. ಪೆಡಲ್ ಗಟ್ಟಿಯಾಗಿತ್ತು.

"ನೋಡಿ, ಹೀಗೇ ಆಗುತ್ತೆ," ಎಂದ ಹೊಸಬ. ಅವನ ಮುಖ ಸೋತಿತ್ತು. "ಪೆಡಲಿನ ಕಡೆ ಆಯಿಲ್ ತಳ್ಳೋ ಸಿಲಿಂಡರ್ ಬದಲಾಯಿಸಿದೆ. ಆಮೇಲೆ ಗೇರ್‌ಬಾಕ್ಸ್ ಪಕ್ಕದ್ದನ್ನೂ ಬದಲಾಯಿಸಿದೆ. ಇವತ್ತು ಬೆಳಿಗ್ಗೆ ಪೈಪಿನಲ್ಲಿದ್ದ ಗಾಳಿಯನ್ನೆಲ್ಲ ಮತ್ತೆ ತೆಗೆದೆ. ಪ್ರತಿ ಸಲ ಹೊಸ ಆಯಿಲ್. ಒಂದು ಹನಿ ಸೋರಿಲ್ಲ. ಇಲ್ಲಿ ಸರಿ ಇರುತ್ತೆ, ಬೆಟ್ಟ ಹತ್ತಿದರೆ ಹೋಗುತ್ತೆ."

"ನನಗೆ ಕಾರಣ ಬೇಕಾಗಿಲ್ಲ," ಎಂದ ತಮ್ಮ. "ಸಂಜೆಯೊಳಗೆ ಸರಿಯಾಗದಿದ್ರೆ ನೀನು ಬೇರೆ ಕಡೆ ಕೆಲಸ ನೋಡ್ಕೋ."

ಹೊಸಬ ತಲೆ ತಗ್ಗಿಸಿದ. ಭಾವ ಬೇಗನೆ ಬೇರೆ ಕಡೆ ನೋಡಿದರು, ಇಲ್ಲದಿದ್ದರೆ ನಗು ಬಂದುಬಿಡುತ್ತಿತ್ತು.

ಅಕ್ಕ ಟಾರ್ಚ್ ತರಿಸಿಕೊಂಡರು. ಹಿಡಿಯಲು ಈ ಸಲ ಗಂಡನನ್ನೇ ಕರೆದರು. ಭಾವನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, ಕೇಳದಿದ್ದರೂ ಹೇಳಿದರು. "ಡಾಕ್ಟರಮ್ಮನ ಗಂಡನ ಮೇಲೆ ಒಂದು ಕಣ್ಣಿಡು ಕಣೇ. ಭಾನುವಾರ ಆದರೆ ಸಾಕು, ಆಕೆ ಕಾರು ಹತ್ತಿ ಹೋಗ್ತಾರೆ, ಈತ ಮನೇಲಿ ಒಬ್ಬನೇ. ಈ ಕಾರು ನನ್ನ ಸವತಿ ಅಂತ ನನ್ನ ಹತ್ರಾನೇ ಹೇಳಿದಾನೆ. ಮೊನ್ನೆ ಬಾನೆಟ್ ಎತ್ತಿ ನಿಂತಿದ್ದ, ಕೈಯಲ್ಲಿ ನೀರಿನ ಬಾಟಲಿ."

"ಮೇಸ್ತ್ರಿ?"

"ಅವರಿಗೂ ಹೊಸಬನ್ನ ಕಂಡರೆ ಆಗಲ್ಲ. ಹಳೇ ಗಿರಾಕಿಗಳೆಲ್ಲ ಅವನ ಕಡೆ ಹೋದರಲ್ಲ. ನಿನ್ನೆ ಸಂಜೆ ಈ ಕಾರಿನ ಅಡಿಗೆ ನುಗ್ಗಿದ್ದರು."

"ನೀವು ಎಲ್ಲರನ್ನೂ ನೋಡ್ತಾನೇ ಇರ್ತೀರಿ," ಎಂದರು ಅಕ್ಕ. ಭಾವ ಅದನ್ನು ಹೊಗಳಿಕೆ ಎಂದುಕೊಂಡರು.

ಆಕೆ ಕಾರಿನಡಿಯ ಪೈಪುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮನ ಮೇಜಿನ ಖಾನೆಯಿಂದ ಪೆನ್ನಿನಂಥ ಒಂದು ಉಪಕರಣ ಹುಡುಕಿ ತೆಗೆದರು. ಅವನು ಯಾವುದೋ ಹುಮ್ಮಸ್ಸಿನಲ್ಲಿ ಕೊಂಡು ಮರೆತಿದ್ದು. ಆಯಿಲಿನಲ್ಲಿ ಅದ್ದಿದರೆ ಅದರಲ್ಲಿ ನೀರು ಸೇರಿದೆಯೋ ಇಲ್ಲವೋ ಹೇಳುತ್ತದೆ. ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟಿದ್ದರೆ ಕೆಂಪು.

"ಎಲ್ಲರೂ ಇಲ್ಲಿ ಬನ್ನಿ. ಡಾಕ್ಟರಮ್ಮ, ನಿಮ್ಮ ಯಜಮಾನರಿಗೂ ಫೋನ್ ಮಾಡಿ ಕರೆಸಿ."

ಡಾಕ್ಟರಮ್ಮನ ಗಂಡ ಬರುವ ಹೊತ್ತಿಗೆ ಎಲ್ಲರೂ ಕಾರಿನ ಸುತ್ತ ಸೇರಿದ್ದರು. ಅಕ್ಕ ಒಂದು ಹಳೆಯ ಟೈರಿನ ಮೇಲೆ ಕೂತರು.

"ಕ್ಲಚ್ ಪೆಡಲ್ ಆಯಿಲನ್ನ ತಳ್ಳುತ್ತೆ, ಆಯಿಲ್ ಕ್ಲಚ್ಚನ್ನ ತಳ್ಳುತ್ತೆ. ಎಲ್ಲೋ ಸೋರಿದ್ರೆ, ರಬ್ಬರ್ ಹೋಗಿದ್ರೆ, ಇಂಜಿನ್ ತಣ್ಣಗಾದ ಮಾತ್ರಕ್ಕೆ ಸರಿಹೋಗಲ್ಲ. ಇದು ಆರಿದರೆ ಸರಿಹೋಗುತ್ತೆ, ಕಾದರೆ ಕೆಡುತ್ತೆ. ಅಂದ್ರೆ ತೊಂದರೆ ಇರೋದು ಆಯಿಲಿನಲ್ಲೇ. ಗೇರ್‌ಬಾಕ್ಸ್ ಪಕ್ಕದ ಸಿಲಿಂಡರಿಗೆ ಸೈಲೆನ್ಸರ್ ಪೈಪ್ ತಾಗೋ ಹಾಗಿದೆ. ಬೆಟ್ಟ ಹತ್ತುವಾಗ ಅದು ಕೆಂಡದ ಹಾಗೆ ಕಾಯುತ್ತೆ. ಒಳ್ಳೇ ಆಯಿಲ್ ಆ ಕಾವು ತಡ್ಕೊಳ್ಳುತ್ತೆ. ನೀರು ಸೇರಿದ್ದು ಕುದಿದು ಆವಿಯಾಗುತ್ತೆ. ಆವಿ ಒತ್ತಿದಷ್ಟೂ ಕುಗ್ಗುತ್ತೆ, ಕ್ಲಚ್ ಅಲುಗಲ್ಲ." ಆಕೆ ಕ್ಲಚ್ಚಿನ ಆಯಿಲ್ ಕಪ್ಪಿನಲ್ಲಿ ಪೆನ್ನು ಅದ್ದಿದರು. ಕೆಂಪು. ಬ್ರೇಕಿನ ಕಪ್ಪಿನಲ್ಲಿ ಅದ್ದಿದರು. ಹಸಿರು.

ಎಲ್ಲರೂ ಡಾಕ್ಟರಮ್ಮನ ಗಂಡನ ಕಡೆ ತಿರುಗಿದರು. ಆತ ಬೆವರಿದ. "ಗಾಜು ಒರೆಸೋ ನೀರು ಮುಗಿದಿತ್ತು, ತುಂಬಿಸಿದೆ ಅಷ್ಟೇ. ಈ ಕಾರನ್ನ ಕಂಡರೆ ನನಗೆ ಆಗಲ್ಲ, ಒಪ್ಕೋತೀನಿ. ಆದರೆ ಅದರಲ್ಲಿ ಕೂರೋದು ನನ್ನ ಹೆಂಡತಿ ಕಣ್ರೀ."

"ನೀವಲ್ಲ," ಎಂದರು ಅಕ್ಕ. "ಹೊಸಬ, ಬೆಳಿಗ್ಗೆ ಹಾಕಿದ ಡಬ್ಬಿ ಎಲ್ಲಿ?"

"ಚೆಲ್ಲೋಕೆ ಪುರುಸೊತ್ತಾಗಲಿಲ್ಲಕ್ಕಾ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದೀನಿ."

ಡಬ್ಬಿ ಬಂತು. ಪೆನ್ನು ಅದ್ದಿದರು. ಅದೂ ಕೆಂಪು. "ಅಂದಮೇಲೆ ನೀರು ಬಂದಿದ್ದು ಕಾರಿಗಲ್ಲ, ಡಬ್ಬಿಗೆ. ಮೇಸ್ತ್ರಿ ಇವತ್ತು ಕೆಲಸಕ್ಕೆ ಬಂದದ್ದೇ ಮಧ್ಯಾಹ್ನ. ಅಷ್ಟರಲ್ಲಿ ಡಬ್ಬಿ ಬೀಗದೊಳಗೆ."

"ನಾನು ನಿನ್ನೆ ಅಡಿಗೆ ಹೋಗಿದ್ದು ಇವನೆಲ್ಲಿ ಎಡವಿದಾನೆ ನೋಡೋಕೆ," ಎಂದರು ಮೇಸ್ತ್ರಿ ಕಷ್ಟಪಟ್ಟು. "ಎಲ್ಲೂ ಎಡವಿರಲಿಲ್ಲ. ಅದಕ್ಕೇ ಸುಮ್ಮನಾದೆ."

"ಈ ಗ್ಯಾರೇಜಿನಲ್ಲಿ ಹೊಟ್ಟೆಕಿಚ್ಚಿಗೇನೂ ಬರ ಇಲ್ಲ," ಎಂದು ಅಕ್ಕ ಹೊಸಬನತ್ತ ತಿರುಗಿದರು. "ಡಬ್ಬಿಯ ಸೀಲ್ ನೀನೇ ಹರಿದೆಯಾ?"

"ಇಲ್ಲಕ್ಕಾ. ಭಾವನೇ ತೆಗೆದು ಕೊಟ್ಟರು. ಮೂರು ಸಲಾನೂ. ಆಗ ತಾನೇ ಸೀಲ್ ಹರಿದದ್ದು ಅಂದ್ಕೊಂಡೆ."

ಭಾವನ ಕೈಯಲ್ಲಿ ಟಾರ್ಚ್ ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸಬೇಕೆಂದೂ ಅವರಿಗೆ ತೋಚಲಿಲ್ಲ.

"ರೀ," ಎಂದರು ಅಕ್ಕ ಮೆತ್ತಗೆ, "ನಿಮ್ಮ ಕಪಾಟಿನ ಮೇಲಿನ ಖಾನೆಯಿಂದ ಒಂದು ಡಬ್ಬಿ, ಕೆಳಗಿನ ಖಾನೆಯಿಂದ ಒಂದು ಡಬ್ಬಿ ತನ್ನಿ."

ಭಾವ ಹೋಗಿ ತಂದರು. ಅಷ್ಟು ದೂರ ನಡೆಯುವುದು ಅವರಿಗೆ ಬೆಟ್ಟ ಹತ್ತಿದಷ್ಟು ಕಷ್ಟವಾಯಿತು. ಮೇಲಿನದು ಸೀಲ್ ಇದ್ದದ್ದು, ಹಸಿರು. ಕೆಳಗಿನದು ಮೇಸ್ತ್ರಿ ಅರ್ಧ ಬಳಸಿ ವಾಪಸು ಕೊಟ್ಟದ್ದು, ಸಡಿಲ ಮುಚ್ಚಳದಲ್ಲಿ ತಿಂಗಳುಗಟ್ಟಲೆ ಗಾಳಿಯ ತೇವ ಕುಡಿದದ್ದು. ಕೆಂಪು.

"ಯಾರೂ ನೀರು ಹಾಕಿಲ್ಲ. ತೆರೆದಿಟ್ಟರೆ ಈ ಆಯಿಲ್ ತಾನೇ ಗಾಳಿಯಿಂದ ನೀರು ಎಳ್ಕೊಳ್ಳುತ್ತೆ. ಹೊಸಬ ಹೊಸ ಡಬ್ಬಿ ಕೇಳಿದ. ನನ್ನ ಗಂಡ ಹಳೇ ಡಬ್ಬಿಗಳಿಂದ ಒಂದನ್ನ ತುಂಬಿಸಿ, ಮುಚ್ಚಳ ತೆಗೆದು ಕೊಟ್ಟರು. ಎದ್ದು ಹೋಗಿ ಮುಚ್ಚಳ ತೆಗೆದುಕೊಡೋ ಜನ ಅಲ್ಲ ಇವರು. ಅಲ್ಲೇ ನನಗೆ ಅನುಮಾನ ಬಂತು."

"ಇದರಿಂದ ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ," ಎಂದರು ಭಾವ.

"ಗೊತ್ತಿರಲಿಲ್ಲ, ನಿಜ. ಕೇಳಿದ್ದನ್ನ ಕೊಡ್ತಿಲ್ಲ ಅನ್ನೋದು ಗೊತ್ತಿತ್ತು." ಅಕ್ಕ ತಮ್ಮನ ಕಡೆ ನೋಡಿದರು. "ಹೊಸಬನ್ನ ಕಳಿಸ್ತೀನಿ ಅಂದೆಯಲ್ಲ. ಈಗ ಯಾರನ್ನ ಕಳಿಸ್ತೀಯ?"

ಮಾಲೀಕ ಉತ್ತರ ಕೊಡುವ ಮೊದಲು ಹೊಸಬನೇ ಮುಂದೆ ಬಂದ. "ಬಿಡಿ ಅಣ್ಣಾ. ಬೇಕು ಅಂತ ಮಾಡಿದ್ದಲ್ಲ. ಯಾರೂ ಹೋಗೋದು ಬೇಡ."

ಇದಕ್ಕಿಂತ ಅವನು ನಾಲ್ಕು ಬೈದಿದ್ದರೆ ಭಾವನಿಗೆ ಹಾಯೆನಿಸುತ್ತಿತ್ತು. ಕ್ಷಮಿಸುವ ದೊಡ್ಡತನವೂ ಇವನ ಪಾಲಿಗೇ ಬಂತಲ್ಲ ಎಂದು ಹಳೆಯ ಉರಿ ಇನ್ನೊಮ್ಮೆ ಎದ್ದಿತು. ಆಗ ಕಂಡದ್ದು ಡಾಕ್ಟರಮ್ಮನ ಕೈ. ಅದು ಇನ್ನೂ ಕೈಚೀಲವನ್ನು ಬಿಗಿಯಾಗಿ ಹಿಡಿದಿತ್ತು. ಆಕೆಯ ಗಂಡ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಭಾವನಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಹೊಸಬ ಹಳೆಯ ಆಯಿಲ್ ತೆಗೆದು, ಸೀಲ್ ಇದ್ದ ಡಬ್ಬಿಯನ್ನು ತಾನೇ ಒಡೆದು ಸುರಿದ. ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಅಡಿಯಲ್ಲಿ, ಒಬ್ಬರು ಪೆಡಲಿನ ಮೇಲೆ. ಮೇಸ್ತ್ರಿ ಮುಂದೆ ಬಂದರು. ಭಾವ ಅವರನ್ನು ತಡೆದು, ಯಾರ ಮುಖವನ್ನೂ ನೋಡದೆ ಕಾರಿನೊಳಗೆ ಕೂತರು.

"ಒತ್ತಿ," ಎಂದ ಹೊಸಬ ಅಡಿಯಿಂದ. ಭಾವ ಒತ್ತಿದರು. "ಬಿಡಿ." ಬಿಟ್ಟರು. ಸುಮಾರು ಹೊತ್ತು ಹೀಗೇ ನಡೆಯಿತು. ಕೊನೆಗೆ ಭಾವ ಸ್ಟೀರಿಂಗ್ ಚಕ್ರಕ್ಕೆ ಹೇಳುವಂತೆ ಗೊಣಗಿದರು. "ನಂದು ತಪ್ಪಾಯ್ತಪ್ಪ."

"ಏನಂದ್ರಿ ಭಾವ? ಅಡಿಗೆ ಕೇಳಿಸಲ್ಲ."

ಅಕ್ಕ ಕಾರಿನ ಬಾಗಿಲ ಬಳಿ ನಿಂತಿದ್ದರು. ತಮ್ಮ, ಮೇಸ್ತ್ರಿ, ಡಾಕ್ಟರಮ್ಮ, ಆಕೆಯ ಗಂಡ ಎಲ್ಲರೂ ಅಲ್ಲೇ ಇದ್ದರು. ಭಾವ ಕಿಟಕಿಯ ಗಾಜು ಪೂರ್ತಿ ಇಳಿಸಿ, ತಲೆ ಹೊರಗೆ ಹಾಕಿ, ಇಡೀ ಗ್ಯಾರೇಜಿಗೆ ಕೇಳುವಂತೆ ಅದನ್ನೇ ಇನ್ನೊಮ್ಮೆ ಹೇಳಿದರು.

"ಸರಿ ಭಾವ," ಎಂದ ಹೊಸಬ ಅಡಿಯಿಂದ. "ಒತ್ತಿ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ."

ಭಾವ ಹಿಡಿದುಕೊಂಡರು. ಪೆಡಲ್ ಗಟ್ಟಿಯಾಗಿತ್ತು.